ಎಡ ಮೂಲೆಗೆ ಮೂವರು

ಮೊಣಕಾಲಿಗೆ ಟೇಪು ಹಾಕುವ ಮೊದಲು ಆ ಜಾಗದ ಕೂದಲು ಬೋಳಿಸಬೇಕು, ಬೆವರು ಒರೆಸಬೇಕು, ಚರ್ಮ ಪೂರ್ತಿ ಒಣಗುವವರೆಗೆ ಕಾಯಬೇಕು. ಮಸ್ಕತ್ತಿನಲ್ಲಿ ಈ ಕೊನೆಯದೇ ಕಷ್ಟ. ಕಾರು ನಿಲ್ಲಿಸಿ ಐಸ್ ರಿಂಕಿನ ಬಾಗಿಲಿಗೆ ಬರುವಷ್ಟರಲ್ಲಿ ಅಂಗಿ ನೆನೆದಿರುತ್ತದೆ. ಒಳಗೆ ಕಾಲಿಟ್ಟರೆ ಅದೇ ಬೆವರು ತಣ್ಣಗಾಗಿ ಮೈಗೆ ಅಂಟುತ್ತದೆ. ಹಾಗಾಗಿ ನಮ್ಮ ಕ್ಯಾಪ್ಟನ್ ಪ್ರತಿ ಪಂದ್ಯಕ್ಕೂ ಎಲ್ಲರಿಗಿಂತ ಮೊದಲು ಬಂದು, ನನ್ನ ಮೇಜಿನ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಟವೆಲ್ ಮುಚ್ಚಿಕೊಂಡು ಕೂರುತ್ತಿದ್ದರು. ಅಷ್ಟರಲ್ಲಿ ನಾನು ಟೇಪನ್ನು ಅಳತೆಗೆ ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಡುತ್ತಿದ್ದೆ.

"ಡಾಕ್ಟರ್, ಇವತ್ತು ಎಷ್ಟು ಪಟ್ಟಿ?"

"ಏಳು."

"ಹೋದ ವಾರ ಆರು ಇತ್ತಲ್ಲ."

"ಹೋದ ವಾರ ಕಾಲು ಇಷ್ಟು ದಪ್ಪ ಇರಲಿಲ್ಲ."

"ನಲವತ್ತರ ಹತ್ತಿರ ಬಂದಮೇಲೆ ಎಲ್ಲರೂ ದಪ್ಪ ಆಗುತ್ತಾರೆ ಹಬೀಬಿ. ನಾನು ಮೊಣಕಾಲಿನಿಂದ ಶುರು ಮಾಡಿದ್ದೇನೆ."

ಅವರು ಮಸ್ಕತ್ತಿನ ಹಳೇ ಬಂದರುಪೇಟೆ ಮತ್ರಾದವರು. ಅಲ್ಲಿನ ಪೇಟೆಯ ಹಿಂದೂಸ್ಥಾನಿ ಅಂಗಡಿಗಳ ನಡುವೆ ಬೆಳೆದದ್ದರಿಂದ ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಡಾಕ್ಟರ್ ಅಲ್ಲ, ಫಿಸಿಯೋ ಎಂದು ಸೇರಿದ ವಾರವೇ ಹೇಳಿದ್ದೆ. "ನೋವು ಎಲ್ಲಿ ಎಂದು ಕೇಳುವವನು ಡಾಕ್ಟರ್. ಖಲಾಸ್" ಎಂದು ಆ ವಿಷಯ ಮುಗಿಸಿದ್ದರು. ಒಮಾನಿನಲ್ಲಿ ಐಸ್ ಹಾಕಿ ಆಡುತ್ತೇನೆಂದರೆ ಜನ ನಗುತ್ತಿದ್ದ ಕಾಲದಲ್ಲಿ ಈ ತಂಡ ಕಟ್ಟಿದವರು ಅವರೇ. ಕೋಚನ್ನು ದೂರದ ಚಳಿದೇಶದಿಂದ ಒಪ್ಪಿಸಿ ಕರೆತಂದವರೂ ಅವರೇ.

ನಾನು ಈ ಕೆಲಸ ಕಲಿತದ್ದು ಮಂಗಳೂರಿನಲ್ಲಿ. ಅಲ್ಲಿ ಐಸ್ ಎಂದರೆ ಬಂದರಿನಲ್ಲಿ ಮೀನಿನ ಮೇಲೆ ಸುರಿಯುವುದು. ಅದರ ಮೇಲೆ ನಿಂತು ಸಂಬಳಕ್ಕೆ ಆಡುವವರ ಸ್ನಾಯು ನೀವುತ್ತೇನೆಂದು ಎಣಿಸಿರಲಿಲ್ಲ. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಆ ಚಳಿಗಾಲದ ಒಂದೊಂದು ಶುಕ್ರವಾರವೂ ನನ್ನ ಬಳಿ ಇದೆ: ಗೋಲುಗಳು, ಯಾರ ಯಾವ ಪೆಟ್ಟು, ಕ್ಯಾಪ್ಟನ್ ಅವರ ಬಲ ಮೊಣಕಾಲಿನ ಸುತ್ತಳತೆ. ಆದರೆ ಆ ತಿಂಗಳುಗಳಲ್ಲಿ ನಿಜವಾಗಿ ನಡೆದದ್ದನ್ನು ಅಂಕಿಗಳಿಂದ ತಿಳಿಯಲು ಆಗುತ್ತಿರಲಿಲ್ಲ. ನನಗೆ ಅದು ತಿಳಿದದ್ದು ಗೇಟಿನ ಬಳಿ ನಿಂತು.

ಐಸ್ ಹಾಕಿಯಲ್ಲಿ ಗೋಲ್‌ಕೀಪರನ್ನು ಬಿಟ್ಟರೆ ಐವರು ಆಡುತ್ತಾರೆ. ಮೂವರು ಮುಂದೆ, ಇಬ್ಬರು ಹಿಂದೆ ರಕ್ಷಣೆಗೆ. ಆಟ ನಡೆಯುತ್ತಿರುವಾಗಲೇ ಆಟಗಾರರು ಬದಲಾಗುತ್ತಿರುತ್ತಾರೆ. ಮುಕ್ಕಾಲು ನಿಮಿಷ ಇದ್ದಬದ್ದ ದಮ್ಮೆಲ್ಲ ಸುರಿದು ಬೆಂಚಿಗೆ ಮರಳಬೇಕು, ಅದೇ ಜಾಗಕ್ಕೆ ಇನ್ನೊಬ್ಬ ಇಳಿಯಬೇಕು. ಈ ಒಂದು ಸರದಿಗೆ ಶಿಫ್ಟ್ ಎನ್ನುತ್ತಾರೆ. ಬೆಂಚಿನ ಮುಂದಿನ ಗೋಡೆಯಲ್ಲಿ ಸೊಂಟದೆತ್ತರದ ಎರಡು ಗೇಟುಗಳಿರುತ್ತವೆ. ರಕ್ಷಕರು ಬಂದುಹೋಗುವ ಗೇಟಿನ ಚಿಲಕ ನನ್ನ ಕೈಯಲ್ಲಿ. ಬರುವವನು ಸ್ಟಿಕ್ಕು ಎತ್ತಿ ಸನ್ನೆ ಮಾಡಿದಾಗ ತೆರೆಯಬೇಕು, ಹೋಗುವವನು ಇಳಿದ ಕೂಡಲೇ ಮುಚ್ಚಬೇಕು. ತಡವಾದರೆ ತೆರೆದ ಗೇಟಿಗೆ ಯಾರದಾದರೂ ಪಕ್ಕೆಲುಬು ಬಡಿಯುತ್ತದೆ.

ನಮ್ಮ ಎಡಗಡೆಯ ರಕ್ಷಣೆಗೆ ಇಬ್ಬರೇ ಇದ್ದರು. ಒಬ್ಬರು ಕ್ಯಾಪ್ಟನ್, ಇನ್ನೊಬ್ಬ ಇಪ್ಪತ್ತಾರು ವರ್ಷದ ಲಡಾಖಿ ಹುಡುಗ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುವುದು. ನವೆಂಬರ್ ಎರಡನೇ ಶುಕ್ರವಾರ ನಾನು ಮೊದಲ ಸಲ ಗಮನಿಸಿದೆ: ಲಡಾಖಿಯ ಹೊತ್ತು ಮುಗಿದಿತ್ತು, ನಾನು ಗೇಟು ತೆರೆದೆ, ಕ್ಯಾಪ್ಟನ್ ಒಂದು ಕಾಲು ಮುಂದಿಟ್ಟು ನಿಂತರು. ಹುಡುಗ ಗೇಟಿನ ಮುಂದೆಯೇ ಸಾಗಿ, ಬೇಡ ಎಂಬಂತೆ ಗ್ಲವ್ ಹಾಕಿದ ಕೈ ಬೀಸಿ, ಮತ್ತೆ ಆಟದೊಳಗೆ ಹೋದ. ಮುಂದಿನ ಸರದಿಯಲ್ಲಿಯೂ ಹಾಗೆಯೇ.

ಆಟಕ್ಕೆ ಇಪ್ಪತ್ತು ನಿಮಿಷದ ಮೂರು ಅವಧಿ. ಮೊದಲ ಅವಧಿಯಲ್ಲಿ ಇದು ಹೇಗೋ ನಡೆಯುತ್ತಿತ್ತು. ಎರಡನೇ ಅವಧಿಯಲ್ಲಿ ತಂಡಗಳು ಬದಿ ಬದಲಿಸುತ್ತವೆ. ನಮ್ಮ ಗೋಲು ಬೆಂಚಿನಿಂದ ದೂರದ ತುದಿಗೆ ಹೋಗುತ್ತದೆ. ಅಲ್ಲಿ ಸಿಕ್ಕಿಬಿದ್ದ ದಣಿದ ರಕ್ಷಕ ಬದಲಾಗಲು ಬರಬೇಕೆಂದರೆ ಗೋಲನ್ನು ಬಯಲು ಬಿಟ್ಟು ಬರಬೇಕು. ಎರಡು ಶಿಫ್ಟಿನ ದಣಿವು ಹೊತ್ತ ಲಡಾಖಿ ಅಲ್ಲಿ ಕಾಲು ಎಳೆಯುತ್ತಿದ್ದ, ಎದುರಾಳಿ ಅವನ ಭುಜದ ಪಕ್ಕದಲ್ಲಿಯೇ ನುಗ್ಗುತ್ತಿದ್ದ. ಕೊನೆಗೊಮ್ಮೆ ಕ್ಯಾಪ್ಟನ್ ಇಳಿದರೆ ಬೇರೊಂದು ಬಗೆಯ ಗೊಂದಲ. ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ, ಅಂದರೆ ಪಕ್, ನಮ್ಮ ಎಡ ಮೂಲೆಗೆ ಜಾರಿದ ಕೂಡಲೇ ಮುಂದೆ ಇರಬೇಕಾದ ಆಟಗಾರರೂ ಅಲ್ಲಿಗೆ ಓಡಿಬರುತ್ತಿದ್ದರು. ಗೋಲಿನ ಎದುರಿನ ಜಾಗ ಖಾಲಿ. ಎದುರಾಳಿಗೆ ಅಷ್ಟು ಸಾಕು.

ಆ ಶುಕ್ರವಾರ ಐದು ಗೋಲು ಬಿಟ್ಟೆವು. ಅದರಲ್ಲಿ ನಾಲ್ಕು ಎರಡನೇ ಅವಧಿಯಲ್ಲಿ.

ಮರುದಿನ ಬೆಳಿಗ್ಗೆ ಕೋಚ್ ವಿಡಿಯೋ ಹಾಕಿ ಕೂರಿಸಿದರು. ಚಿತ್ರ ನಿಲ್ಲಿಸಿ ಕೋಲಿನಿಂದ ತೋರಿಸಿದರು.

"ಎಡ ಮೂಲೆಗೆ ಮೂವರು. ಯಾಕೆ ಮೂವರು?"

ಕೋಲಿನಿಂದ ಪರದೆ ತಟ್ಟಿದರು.

"ಮೂಲೆಯಲ್ಲಿ ಏನಿದೆ? ಊಟ ಹಾಕುತ್ತಿದ್ದಾರಾ?"

ಯಾರೂ ನಗಲಿಲ್ಲ. ಕೋಚ್ ಬಿಳಿ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ 'ಬದ್ಧತೆ' ಎಂಬ ಒಂದೇ ಪದ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ಲಡಾಖಿಯ ಕಡೆ ತಿರುಗಿದರು. "ನೀನು ಬೆಂಚಿಗೆ ಯಾಕೆ ಬರುವುದಿಲ್ಲ? ನಿನಗೆ ಐಸ್ ಮೇಲೆ ಇರುವುದು ಇಷ್ಟ. ಅದು ನನಗೆ ಗೊತ್ತು. ಆದರೆ ಇದು ತಂಡ, ನಿನ್ನ ಊರಿನ ಹೆಪ್ಪುಗಟ್ಟಿದ ಕೆರೆಯಲ್ಲ."

ಹುಡುಗ ತನ್ನ ಬೂಟಿನ ದಾರ ನೋಡುತ್ತಾ ಕುಳಿತ. ಕ್ಯಾಪ್ಟನ್ ಅವನ ಬೆನ್ನು ತಟ್ಟಿ, "ಕೋಚ್ ಹೇಳುವುದು ಸರಿ. ಮುಂದಿನ ಸಲ ಬೇಗ ಬಾ. ನಾನು ಸುಮ್ಮನೆ ಕೂತು ಕೂತು ಮರಗಟ್ಟುತ್ತೇನೆ" ಎಂದರು.

ಮೊಣಕಾಲಿನ ವಿಷಯ ಕೋಚಿಗೆ ಗೊತ್ತಿರಲಿಲ್ಲವೆಂದಲ್ಲ. ಅಕ್ಟೋಬರಿನಲ್ಲಿಯೇ, ಎರಡು ವಾರ ವಿಶ್ರಾಂತಿ ಬೇಕು, ಸ್ಕ್ಯಾನ್ ಆಗಬೇಕು ಎಂದು ನಾನು ಇಬ್ಬರ ಮುಂದೆಯೂ ಹೇಳಿದ್ದೆ. ಕ್ಯಾಪ್ಟನ್ ಅಲ್ಲೇ ಎರಡು ಸಲ ಕುಕ್ಕರುಗಾಲಿನಲ್ಲಿ ಕೂತು ಎದ್ದು ತೋರಿಸಿದರು. ಅದು ಅವರಿಗೆ ಎಷ್ಟು ಕಷ್ಟವಾಯಿತೆಂದು ಕೋಚಿಗೆ ಕಾಣಲಿಲ್ಲ. ಕಾಣಬೇಕೆಂಬ ಆಸೆಯೂ ಅವರಿಗೆ ಇರಲಿಲ್ಲವೇನೋ. ಹಿಮ್ಮುಖವಾಗಿ ಜಾರುತ್ತಾ ಎಡಕ್ಕೆ ಹೊರಳುವಾಗ ಬಲಗಾಲಿನ ಮೇಲೆ ಇಡೀ ಭಾರ ಬೀಳುತ್ತದೆ. ಆ ಒಂದು ಹೊರಳುವಿಕೆ ಅವರಲ್ಲಿ ಉಳಿದಿರಲಿಲ್ಲ. ಉಳಿದದ್ದೆಲ್ಲ ಇತ್ತು: ಕಣ್ಣು, ಕೈ, ಆಟದ ಓದು. ಅದಕ್ಕೇ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ರಿಂಕಿನಲ್ಲಿ ಐಸ್ ಸವರುವ ಗಾಡಿ ಓಡಿಸುವವರು ಸುರತ್ಕಲ್ಲಿನ ಕಡೆಯವರು. ಹತ್ತು ಗಂಟೆಗೆ ಮಕ್ಕಳ ಸ್ಕೇಟಿಂಗ್ ಶುರುವಾಗುವ ಮೊದಲು ಅವರು ಗಾಡಿ ನಿಲ್ಲಿಸಿ ನನ್ನೊಂದಿಗೆ ಚಾ ಕುಡಿಯುತ್ತಿದ್ದರು.

"ನಿಮ್ಮದು ಎಂತ ಮಾರಾಯ, ದಿನಾ ಬೈಗುಳದ ಸದ್ದು?"

"ಡಿಫೆನ್ಸ್ ಸರಿ ಇಲ್ಲ ಅಣ್ಣ."

"ನಂಗೆ ಡಿಫೆನ್ಸ್ ಗೊತ್ತಿಲ್ಲ. ಬೇಸಗೆಯಲ್ಲಿ ಹೊರಗೆ ನಲ್ವತ್ತು ಡಿಗ್ರಿ ಇರುವಾಗ ಒಳಗೆ ಐಸ್ ಕರಗದ ಹಾಗೆ ನಾನು ನೋಡ್ತೇನಲ್ಲ, ಅದು ಡಿಫೆನ್ಸ್. ಒಂದು ದಿನ ಕಂಪ್ರೆಸರ್ ನಿಂತ್ರೆ ನಿಮ್ಮ ಕೋಚಿಗೆ ಈಜು ಕಲಿಸುದೇ ಗತಿ." ಚಾ ಹೀರಿ ಹೇಳಿದರು, "ಪಾಪ, ಆ ಲಡಾಖಿ ಹುಡುಗ. ಬೆಳಿಗ್ಗೆ ನನಗಿಂತ ಮೊದ್ಲು ಬಂದು ಗೇಟ್ ಹತ್ರ ಕೂತಿರ್ತಾನೆ. ಐಸ್ ಮೇಲೆ ಅಷ್ಟು ಆಸೆ ಇದ್ದವ ಮೋಸದ ಆಟ ಆಡ್ತಾನಾ?"

ಡಿಸೆಂಬರ್ ಮೊದಲ ವಾರ ಗಡಿಯಾಚೆ ಪಂದ್ಯವಿತ್ತು. ಅಲ್ಲಿಯೂ ಸೋತೆವು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹಿಂದಿರುಗುವಾಗ ದಾರಿಯಲ್ಲಿ ಸುವೈಕ್ ಎಂಬ ಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಎಲ್ಲರೂ ಇಳಿದರು, ಕ್ಯಾಪ್ಟನ್ ಮಾತ್ರ ನಿದ್ದೆ ಬಂದವರಂತೆ ಟೋಪಿ ಮುಖಕ್ಕೆ ಎಳೆದುಕೊಂಡು ಕುಳಿತೇ ಇದ್ದರು. ಬಸ್ಸಿನ ಮೆಟ್ಟಿಲು ಎತ್ತರವಾಗಿತ್ತು. ಲಡಾಖಿ ಎರಡು ಕಪ್ ಕಡಕ್ ಚಹಾ ಹಿಡಿದು ಒಂದನ್ನು ಒಳಗೆ ಕೊಟ್ಟು ಬಂದು, ಚಹಾದಂಗಡಿಯ ಗೋಡೆಯ ನೆರಳಿನಲ್ಲಿ ನನ್ನ ಪಕ್ಕ ನಿಂತ.

"ನಾಳೆ ಕೋಚ್ ಕರೆದಿದ್ದಾರೆ. ಏನು ಹೇಳುತ್ತಾರೆಂದು ಗೊತ್ತು" ಎಂದ.

ನನಗೂ ಗೊತ್ತಿತ್ತು. ಒಪ್ಪಂದ ಮುಗಿಸಿ ಕಳಿಸುವ ಆಟಗಾರನನ್ನು ಕೊನೆಯದಾಗಿ ತಪಾಸಣೆ ಮಾಡುವವನು ನಾನೇ. ಮಂಗಳವಾರ ಅವನನ್ನು ನೋಡಿಬಿಡು ಎಂದು ಕೋಚ್ ಆ ಬೆಳಿಗ್ಗೆಯೇ ಹೇಳಿದ್ದರು.

"ನೀನು ಯಾಕೆ ಬೆಂಚಿಗೆ ಬರುವುದಿಲ್ಲ?" ಎಂದು ಕೇಳಿದೆ.

"ನಾನು ಬಂದರೆ ಬಡೇ ಭಾಯ್ ಇಳಿಯಬೇಕಲ್ಲ."

ಕ್ಯಾಪ್ಟನ್ ಅವರನ್ನು ಅವನು ಕರೆಯುತ್ತಿದ್ದುದು ಹಾಗೆ. ಅಷ್ಟು ಹೇಳಿ ಚಹಾ ಊದಿದ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದ. ನಮ್ಮ ಸ್ಟಿಕ್ಕುಗಳನ್ನು ಇಡುವ ಕಪಾಟು ನಮಾಜಿನ ಕೋಣೆಯ ಎದುರಿಗಿದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಸ್ಟಿಕ್ಕು ತೆಗೆಯಲು ಹೋದಾಗ ಎಲ್ಲರೂ ನಮಾಜು ಮುಗಿಸಿ ಹೊರಟಿದ್ದರು. ಕ್ಯಾಪ್ಟನ್ ಆ ಹೊತ್ತಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನವೂ ಹಾಗೆಯೇ. ನೆಲಕ್ಕೆ ಮಂಡಿಯೂರಲು ಆಗದವರು ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಾರೆ. ಅದರಲ್ಲಿ ನಾಚಿಕೆಯ ಮಾತೇನೂ ಇಲ್ಲ. ಆದರೆ ಅವರು ಬಾಗಿಲು ಹಾಕಿಕೊಂಡಿದ್ದರು.

"ನಾನು ಯಾರಿಗೂ ಹೇಳಲಿಲ್ಲ. ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಒಬ್ಬೊಬ್ಬರಾಗಿ ನೋಡಿದವರು, ಅವರೂ ಯಾರಿಗೂ ಹೇಳಲಿಲ್ಲ."

"ಹಾಗಾದರೆ ಎಡ ಮೂಲೆಗೆ ಮೂವರು..."

"ಯಾರೂ ಮಾತಾಡಿಕೊಂಡದ್ದಲ್ಲ, ಡಾಕ್ಟರ್. ಪಕ್ ಅವರ ಕಡೆ ಹೋದರೆ ಕಾಲು ತಾನಾಗಿ ಓಡುತ್ತದೆ. ಮನೆಯ ಹಿರಿಯರು ಭಾರ ಎತ್ತಲು ಹೋದರೆ ನಾವು ನೋಡುತ್ತಾ ನಿಲ್ಲುತ್ತೇವಾ?"

"ಕೋಚಿಗೆ ಹೇಳು."

"ಏನೆಂದು? ನಿಮ್ಮ ಕ್ಯಾಪ್ಟನ್ ಕೈಲಿ ಆಗುವುದಿಲ್ಲ, ಅದಕ್ಕೆ ನಾನು ಒಳ್ಳೆಯವನು ಎಂದಾ?" ಕಪ್ಪನ್ನು ಮುದುಡಿದ. "ನಮ್ಮ ಊರಿನಲ್ಲಿ ಕೆರೆ ಗಟ್ಟಿಯಾಗಿರುವುದು ಎರಡು ತಿಂಗಳು. ಇಲ್ಲಿ ದಿನಾ ಐಸ್. ಇದು ಹೋದರೆ ನನಗೆ ಬೇರೆ ತಂಡವಿಲ್ಲ, ಗೊತ್ತು. ಆದರೂ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ನೀವೂ ಕೋಚಿಗೆ ಹೇಳಬಾರದು. ಆಣೆ ಇಡಿ."

ಇಟ್ಟೆ. ಬಸ್ಸಿನ ಡ್ರೈವರ್ "ಯಲ್ಲಾ ಯಲ್ಲಾ" ಎಂದು ಹಾರ್ನ್ ಹೊಡೆದ. ಅಲ್ಲಿಂದ ಮಸ್ಕತ್ತಿನವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತಾ, ಇಷ್ಟು ದಿನ ಹಲಗೆಯ ಮೇಲೆ ಗೆರೆ ಎಳೆಸಿಕೊಂಡ 'ಬದ್ಧತೆ' ಎಂಬ ಆ ಪದದ ಬಗ್ಗೆ ಯೋಚಿಸಿದೆ. ನಮ್ಮ ತಂಡದಲ್ಲಿ ಅದು ಕಡಿಮೆಯಾಗಿರಲಿಲ್ಲ. ಅದೆಲ್ಲವೂ ಒಬ್ಬ ಮನುಷ್ಯನ ಸುತ್ತ ಹೋಗಿ ನಿಂತಿತ್ತು, ಗೋಲು ಬಯಲಾಗಿತ್ತು.

ಮರುದಿನ ಕೋಚ್ ಲಡಾಖಿಗೆ ಇನ್ನೊಂದು ಪಂದ್ಯದ ಅವಕಾಶ ಕೊಟ್ಟರು. ಶುಕ್ರವಾರವೂ ಹೀಗೆಯೇ ಆಡಿದರೆ ತಪಾಸಣೆ, ಟಿಕೆಟ್ಟು. ಹೀಗೆಯೇ ಆಡುತ್ತಾನೆಂದು ನನಗೆ ಖಚಿತವಿತ್ತು. ಕೋಚಿಗೆ ಹೇಳುವುದಿಲ್ಲವೆಂದು ಆಣೆ ಇಟ್ಟಿದ್ದೆ. ಆದರೆ ಹೇಳಬೇಕಾದದ್ದು ಕೋಚಿಗೆ ಅಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಗುರುವಾರ.

ಶುಕ್ರವಾರ ಮಧ್ಯಾಹ್ನ ಕ್ಯಾಪ್ಟನ್ ಎಂದಿನಂತೆ ಬಂದು ಕಾಲು ಚಾಚಿದರು. ಮೇಜಿನ ಅಂಚು ನೋಡಿದರು. ಅಲ್ಲಿ ಪಟ್ಟಿಗಳಿರಲಿಲ್ಲ.

"ಟೇಪು ಮುಗಿದಿದೆಯಾ?"

"ಇದೆ. ಇವತ್ತು ಹಾಕುವುದಿಲ್ಲ."

ಅವರು ನಕ್ಕರು. "ಮಂಗಳೂರಿನವರು ಮುಷ್ಕರ ಮಾಡುತ್ತಾರೆಂದು ಗೊತ್ತಿರಲಿಲ್ಲ."

ನಾನು ಸ್ಟೂಲು ಎಳೆದು ಎದುರಿಗೆ ಕೂತೆ. ಏನೇನೋ ಸಿದ್ಧ ಮಾಡಿಕೊಂಡಿದ್ದೆ: ಕಾರ್ಟಿಲೇಜು, ನೀರು ತುಂಬುವುದು, ಮುಂದಿನ ವರ್ಷಗಳು. ಅವನ್ನೆಲ್ಲ ಅವರು ಅಕ್ಟೋಬರಿನಲ್ಲೇ ಕೇಳಿದ್ದರು. ಆದ್ದರಿಂದ, "ಲಡಾಖಿ ಬೆಂಚಿಗೆ ಬರದೇ ಇರುವುದು ನಿಮಗೋಸ್ಕರ. ಮೂಲೆಗೆ ಮೂವರು ಬರುವುದೂ ನಿಮಗೋಸ್ಕರ. ಅವರಿಗೆಲ್ಲ ಕುರ್ಚಿಯ ವಿಷಯ ಗೊತ್ತು" ಎಂದೆ.

ಮನುಷ್ಯನ ಮೊಣಕಾಲು ಒತ್ತಿದಾಗ ನೋವು ಎಲ್ಲಿದೆಯೆಂದು ಅವನ ಮುಖ ನೋಡಿ ತಿಳಿಯುವುದು ನನ್ನ ಕೆಲಸ. ಅವರ ಮುಖದಲ್ಲಿ ನನಗೆ ಗುರುತಿರುವ ಯಾವುದೂ ಕಾಣಲಿಲ್ಲ. ಟವೆಲನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು.

"ಎಲ್ಲರಿಗೂ?"

"ಎಲ್ಲರಿಗೂ."

"ಯಾವಾಗಿನಿಂದ?"

"ಸೆಪ್ಟೆಂಬರಿನಿಂದ."

"ನಾನು ಚೆನ್ನಾಗಿ ಆಡುತ್ತಿದ್ದೇನೆ ಎಂದುಕೊಂಡಿದ್ದೆ" ಎಂದರು. "ಈ ವಯಸ್ಸಿನಲ್ಲಿಯೂ ನನ್ನ ಮೂಲೆಗೆ ಬರಲು ಎದುರಾಳಿಗಳು ಹೆದರುತ್ತಾರೆ ಎಂದುಕೊಂಡಿದ್ದೆ."

ಲಡಾಖಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ಟಿಕ್ಕಿನ ತುದಿಗೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದ. ಕ್ಯಾಪ್ಟನ್ ಅವನ ಎದುರು ಹೋಗಿ ನಿಂತರು. ನಾನು ಬಾಗಿಲಲ್ಲೇ ಉಳಿದೆ.

"ನೀನು ಬೆಂಚಿಗೆ ಬರದೇ ಇರುವುದು ಯಾಕೆ?"

ಹುಡುಗ ನನ್ನ ಕಡೆ ನೋಡಿದ. ಆ ನೋಟವನ್ನು ನಾನು ದಿನಚರಿಯಲ್ಲಿ ಬರೆದಿಲ್ಲ.

"ನನ್ನ ಅಭ್ಯಾಸ, ಬಡೇ ಭಾಯ್. ಐಸ್ ಬಿಟ್ಟು ಬರಲು ಮನಸ್ಸಾಗುವುದಿಲ್ಲ."

"ಸುಳ್ಳು ಹೇಳಬೇಡ."

"ಕೋಚ್ ಹೇಳಿದ್ದು ಸರಿ. ನನಗೆ ಶಿಸ್ತಿಲ್ಲ."

ಉಳಿದವರೆಲ್ಲ ತಂತಮ್ಮ ಬೂಟು, ಪ್ಯಾಡುಗಳಲ್ಲಿ ತಲೆ ತಗ್ಗಿಸಿದರು. ಕ್ಯಾಪ್ಟನ್ ಒಬ್ಬೊಬ್ಬರನ್ನಾಗಿ ನೋಡಿದರು. ಯಾರೂ ತಲೆ ಎತ್ತಲಿಲ್ಲ. ಅದಕ್ಕಿಂತ ಹೆಚ್ಚಿನ ಉತ್ತರ ಅವರಿಗೆ ಬೇಕಿರಲಿಲ್ಲ. ಲಡಾಖಿಯ ತಲೆಯ ಮೇಲೆ ಕೈಯಿಟ್ಟು, "ಕತ್ತೆ" ಎಂದು ಹೇಳಿ ಕೋಚಿನ ಕೋಣೆಗೆ ನಡೆದರು. ಬಾಗಿಲು ಅರ್ಧ ತೆರೆದಿತ್ತು. ಕಾರಿಡಾರಿನಲ್ಲಿದ್ದ ನನಗೆ ಕೇಳಿಸಿದ್ದು ಇಷ್ಟು: "ಇವತ್ತಿನ ಪಟ್ಟಿಯಿಂದ ನನ್ನ ಹೆಸರು ತೆಗೆ. ಇವತ್ತಿನದು ಮಾತ್ರವಲ್ಲ. ಆ ಹುಡುಗನನ್ನು ಕಳಿಸಬೇಡ. ಅವನು ಮಾಡಿದ್ದು ನನ್ನ ತಪ್ಪು." ಆಮೇಲೆ ಕುರ್ಚಿ ಸರಿದ ಸದ್ದು.

ಬಲಗಡೆಯ ಒಬ್ಬ ರಕ್ಷಕನನ್ನು ಎಡಕ್ಕೆ ಹಾಕಿಕೊಂಡು ಆಡಿದೆವು. ಪಂದ್ಯ ಶುರುವಾಗುವಾಗ ಕ್ಯಾಪ್ಟನ್ ಜಾಕೆಟ್ ಹಾಕಿಕೊಂಡು ಬೆಂಚಿಗೆ ಬಂದರು, ನನ್ನ ಕೈಯಿಂದ ಗೇಟಿನ ಚಿಲಕ ತೆಗೆದುಕೊಂಡರು.

"ನೀನು ಗಾಯ ನೋಡು. ಇದು ನನಗಿರಲಿ."

ಅವರು ಗೇಟು ತೆರೆಯುವ ರೀತಿಯೇ ಬೇರೆ. ನಾನು ಸ್ಟಿಕ್ಕು ಎತ್ತುವುದನ್ನು ಕಾಯುತ್ತಿದ್ದೆ. ಅವರು ಅದಕ್ಕೂ ಮೊದಲೇ ಹೆಸರು ಹಿಡಿದು ಕರೆಯುತ್ತಿದ್ದರು. ಲಡಾಖಿ ಮೊದಲ ಸರದಿಯಲ್ಲಿಯೇ ಅಭ್ಯಾಸಬಲದಿಂದ ಗೇಟು ದಾಟಿ ಮುಂದೆ ಸಾಗಿದ. "ಏ, ಇಲ್ಲಿ ಯಾರೂ ಮುದುಕರಿಲ್ಲ, ಬಾ ಒಳಗೆ" ಎಂದು ಕೂಗಿದರು. ಬಂದ. ಬೆಂಚಿನ ಮೇಲೆ ಕೂತು ಹೆಲ್ಮೆಟ್ ತೆಗೆಯದೆ ನೆಲ ನೋಡಿದ. ಆಮೇಲೆ ಪ್ರತಿ ಸಲವೂ ಕರೆದಾಗ ಬಂದ.

ಎರಡನೇ ಅವಧಿಯಲ್ಲಿ ಎದುರಾಳಿಗಳು ಎಂದಿನಂತೆ ನಮ್ಮ ಎಡ ಮೂಲೆಗೆ ಪಕ್ ಹಾಕಿದರು. ಅಲ್ಲಿಗೆ ಒಬ್ಬನೇ ಹೋದ. ಉಳಿದವರು ಇರಬೇಕಾದಲ್ಲಿ ಇದ್ದರು. ಮತ್ತೆ ಹಾಕಿದರು. ಮತ್ತೆ ಒಬ್ಬನೇ ಹೋದ. ಇಪ್ಪತ್ತು ನಿಮಿಷ ಮುಗಿದಾಗ ಆ ಅವಧಿಯಲ್ಲಿ ನಾವು ಒಂದು ಗೋಲೂ ಬಿಟ್ಟಿರಲಿಲ್ಲ. ಆ ಋತುವಿನಲ್ಲಿ ಅದೇ ಮೊದಲು. ಆಟಗಾರರು ಒಳಗೆ ಹೋದರು. ಕೋಚ್ ನನ್ನ ಭುಜ ಅದುಮಿ ಹೋದರು. ಸುರತ್ಕಲ್ಲಿನ ಅಣ್ಣ ಗಾಡಿ ಇಳಿಸಿ ಐಸ್ ಸವರತೊಡಗಿದರು.

ಕ್ಯಾಪ್ಟನ್ ಚಿಲಕದ ಮೇಲೆ ಕೈಯಿಟ್ಟು ಸ್ಕೋರು ಹಲಗೆ ನೋಡುತ್ತಾ ನಿಂತಿದ್ದರು. ನಾನು ಪಕ್ಕಕ್ಕೆ ಹೋದೆ.

"ನಾನಿಲ್ಲದಾಗ ಒಂದು ಗೋಲಾದರೂ ಒಳಗೆ ಹೋಗಬೇಕಿತ್ತು, ಡಾಕ್ಟರ್" ಎಂದರು.

ಗಾಡಿ ನಮ್ಮ ಮುಂದಿನಿಂದ ಹಾದುಹೋಗಿ, ಸ್ಕೇಟುಗಳ ಗೀರುಗಳೆಲ್ಲ ಅಳಿಸಿದ ಒದ್ದೆ ಐಸ್ ಹೊಳೆಯಿತು.

ಕೊನೆಯ ಅವಧಿಯಲ್ಲಿ ನಮ್ಮವನದೇ ಸ್ಕೇಟಿಗೆ ತಾಗಿದ ಪಕ್ ನಮ್ಮ ಗೋಲಿನೊಳಗೆ ಹೋಯಿತು. ಎರಡು-ಒಂದರಿಂದ ಸೋತೆವು. ಲಡಾಖಿ ಉಳಿದ. ನಾನು ಅವನ ತಪಾಸಣೆ ಮಾಡಬೇಕಾಗಲಿಲ್ಲ. ಜನವರಿಯವರೆಗೆ ಅವನು ನನ್ನೊಂದಿಗೆ ಮಾತು ಬಿಟ್ಟಿದ್ದ.

ಆ ಸಂಜೆ ಎಲ್ಲರೂ ಬಟ್ಟೆ ಬದಲಿಸುತ್ತಿದ್ದಾಗ ನಾನು ಬಳಸಿದ ಟೇಪಿನ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿ ಕಾರಿಡಾರಿನಲ್ಲಿ ಬಂದೆ. ಕಪಾಟಿನ ಎದುರು ಲಡಾಖಿ ಸ್ಟಿಕ್ಕುಗಳನ್ನು ಜೋಡಿಸುತ್ತಿದ್ದ. ಎದುರಿನ ನಮಾಜಿನ ಕೋಣೆಯಲ್ಲಿ, ಚಾಪೆಯ ಅಂಚಿಗೆ, ಆ ಪ್ಲಾಸ್ಟಿಕ್ ಕುರ್ಚಿಯನ್ನು ಯಾರೋ ಮೊದಲೇ ತಂದಿಟ್ಟಿದ್ದರು. ಕ್ಯಾಪ್ಟನ್ ಬಂದರು. ಕುರ್ಚಿಯನ್ನು ನೋಡಿದರು, ಹುಡುಗನ ಬೆನ್ನನ್ನು ನೋಡಿದರು. ಅವನು ತಿರುಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು.

ಬಾಗಿಲು ತೆರೆದೇ ಇತ್ತು.